ಮನೆಯವರಿಗೂ ಲೆಕ್ಕ ಬೇಕು

ಬೆಂಗಳೂರಿನ ದಂಡು ಪ್ರದೇಶದ ಅಂಗಡಿಗಳು ಮಕ್ಕಳ ದುಡಿಮೆಯ ಮೇಲೆ ಬೆಳೆದವು. ಆ ದುಡಿಮೆಯನ್ನು ಕಾನೂನು ಅರ್ಧ ಮಾತ್ರ ನೋಡುತ್ತದೆ. ಉಳಿದರ್ಧವನ್ನು ನೋಡಬೇಕಾದವರು ಮನೆಯವರೇ.

ಮಧ್ಯಾಹ್ನ ಮೂರೂವರೆ ದಾಟಿತೆಂದರೆ ಶಿವಾಜಿನಗರದ ಗಲ್ಲಿಗಳಲ್ಲಿ ಶಾಲೆಯ ಯೂನಿಫಾರಂ ಕಾಣಿಸಿಕೊಳ್ಳುತ್ತದೆ. ಬ್ಯಾಗನ್ನು ಗಲ್ಲಾದ ಕೆಳಗೆ ತಳ್ಳಿ, ಟೈ ಸಡಿಲಿಸಿ, ಹುಡುಗ ಅಪ್ಪನ ಪಕ್ಕ ನಿಲ್ಲುತ್ತಾನೆ. ಅಪ್ಪ ನಮಾಜಿಗೋ ಕಾಫಿಗೋ ಎದ್ದು ಹೋದರೆ ಗಿರಾಕಿಗೆ ದರ ಹೇಳುವವನು ಅವನೇ. ರಸೆಲ್ ಮಾರ್ಕೆಟ್ಟಿನ ಹಣ್ಣಿನ ಸಾಲು, ಕಮರ್ಷಿಯಲ್ ಸ್ಟ್ರೀಟಿನ ಒಳಗಲ್ಲಿಗಳ ಲೇಸು-ಗುಂಡಿ ಅಂಗಡಿ, ಹಲಸೂರಿನ ಹೂವಿನ ಅಂಗಡಿ, ಕೆ.ಆರ್. ಪುರದ ಸಂತೆಯ ತರಕಾರಿ ರಾಶಿ, ಇಂದಿರಾನಗರದ ಅಡ್ಡರಸ್ತೆಗಳ ಕಿರಾಣಿ ಅಂಗಡಿ, ಎಲ್ಲೆಡೆಯೂ ಇದು ದಿನನಿತ್ಯದ ನೋಟ.

ಈ ಅಂಗಡಿಗಳಲ್ಲಿ ಮೂರು ಪ್ರಾಯದ ಮಕ್ಕಳು ಸಿಗುತ್ತಾರೆ. ಚಿಲ್ಲರೆ ಎಣಿಸಿ ಕೊಡುವ ಹತ್ತು ವರ್ಷದ ಮಗು. ಪಿಯುಸಿ ಓದುತ್ತ ಸಂಜೆ ಬೈಕಿನಲ್ಲಿ ಸಾಮಾನು ಮುಟ್ಟಿಸುವ ಹುಡುಗ. ಖರೀದಿ, ಉದ್ದರಿ, ಜಿಎಸ್‌ಟಿ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತಿದ್ದರೂ ಕೈಖರ್ಚಿಗೆ ಇನ್ನೂ ಅಪ್ಪನನ್ನೇ ಕೇಳುವ ಮೂವತ್ತೈದರ ಮಗ. ಮೂವರೂ ದುಡಿಯುತ್ತಾರೆ. ಬಹುಪಾಲು ಮನೆಗಳಲ್ಲಿ ಮೂವರ ದುಡಿಮೆಯೂ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ‘ಮನೆಯವರಿಗೆ ಎಂಥಾ ಲೆಕ್ಕ?’ ಎಂದು ಹಿರಿಯರು ಹೇಳುವುದು ಪ್ರೀತಿಯಿಂದಲೇ. ಆದರೆ ಲೆಕ್ಕವಿಲ್ಲದ ಕಡೆ ಆ ಪ್ರೀತಿಗೇ ಏಟು ಬೀಳುತ್ತದೆ. ಅಣ್ಣತಮ್ಮಂದಿರು ಪಾಲಿಗೆ ಕೂತ ದಿನ ಮೊದಲು ಏಳುವ ಪ್ರಶ್ನೆಯೇ ‘ನಾನು ಇಷ್ಟು ವರ್ಷ ದುಡಿದದ್ದು ಎಲ್ಲಿಗೆ ಹೋಯಿತು?’ ಎಂಬುದು.

ದಂಡಿನ ಬೆನ್ನಿಗೆ ಬಂದ ಅಂಗಡಿಗಳು

1809ರಲ್ಲಿ ಬ್ರಿಟಿಷರ ಸೇನೆ ಹಲಸೂರಿನ ಮಗ್ಗುಲಲ್ಲಿ ನೆಲೆಯೂರಿತು. ಸಿಪಾಯಿಗಳಿಗೆ ರೊಟ್ಟಿ, ಮಾಂಸ, ಬಟ್ಟೆ, ಅಧಿಕಾರಿಗಳಿಗೆ ಒಡವೆ, ಪೀಠೋಪಕರಣ, ಕುದುರೆಗಳಿಗೆ ಹುಲ್ಲು ಬೇಕಿತ್ತು. ಅದನ್ನೆಲ್ಲ ಒದಗಿಸಲು ಮೊದಲಿಯಾರರು, ಶೆಟ್ಟರು, ದಖನಿ ಮುಸ್ಲಿಮರು, ಕಚ್ಛಿ ಮೇಮನರು, ಮುಂದೆ ಮಾರವಾಡಿಗಳು ಬಂದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಕೆಳಗೆ ಬಂದವು. ಆಳುವವರು ಬದಲಾದರೂ ಅನೇಕ ಅಂಗಡಿಗಳ ಒಡೆತನ ಒಂದೇ ಮನೆತನದಲ್ಲಿ ಮುಂದುವರಿಯಿತು. ಸಿ. ಕೃಷ್ಣಯ್ಯ ಚೆಟ್ಟಿಯವರ ಆಭರಣದ ಮಳಿಗೆ 1869ರದು. ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ 1902ರದು. ಪಿ.ಒ. ಕೋಶಿ 1940ರಲ್ಲಿ ಶುರುಮಾಡಿದ ಉದ್ಯಮ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಆಗಿ ಮೊಮ್ಮಕ್ಕಳವರೆಗೆ ಬಂದಿದೆ.

ಮಕ್ಕಳನ್ನೇ ಅಂಗಡಿಗೆ ಕೂರಿಸುವುದಕ್ಕೆ ಬಲವಾದ ಕಾರಣಗಳಿದ್ದವು. ಪರವೂರಿಂದ ಬಂದ ವ್ಯಾಪಾರಿಗೆ ಸಾಲ ಸಿಗುತ್ತಿದ್ದುದು ಮನೆತನದ ಹೆಸರಿನ ಮೇಲೆ. ತಿಜೋರಿಯ ಬೀಗದ ಕೈಯನ್ನು ಹೊರಗಿನವರಿಗೆ ಕೊಡುವ ಧೈರ್ಯ ಇರಲಿಲ್ಲ. ಯಾವ ಗಿರಾಕಿ ತಿಂಗಳ ಕೊನೆಗೆ ತಪ್ಪದೆ ಕೊಡುತ್ತಾನೆ, ಯಾರ ಉದ್ದರಿ ಮುಳುಗುತ್ತದೆ, ಯಾವ ಸಗಟು ವ್ಯಾಪಾರಿಯ ಮಾತು ನಂಬಬಹುದು ಎಂಬ ತಿಳಿವಳಿಕೆ ಪುಸ್ತಕದಲ್ಲಿ ಇರುತ್ತಿರಲಿಲ್ಲ, ಕೂತವರ ತಲೆಯಲ್ಲಿ ಇರುತ್ತಿತ್ತು. ಅದು ದಾಟಬೇಕಾದರೆ ಮಗ ಅಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕೂರಬೇಕಿತ್ತು.

ಈ ಕಲಿಕೆಯನ್ನು ಹಗುರವಾಗಿ ಕಾಣಬಾರದು. ಶಿವಾಜಿನಗರದ ಅಂಗಡಿಯಲ್ಲಿ ಬೆಳೆದ ಮಗು ತಮಿಳು, ದಖನಿ ಉರ್ದು, ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಚೌಕಾಸಿ ಮಾಡಬಲ್ಲದು. ಬಾಯಿಲೆಕ್ಕದಲ್ಲಿ ಅದು ತನ್ನ ತರಗತಿಗಿಂತ ಮುಂದಿರುತ್ತದೆ. ಕೋಪದ ಗಿರಾಕಿಯನ್ನು ಸಮಾಧಾನ ಮಾಡುವುದು, ಬೋಣಿಯ ಹೊತ್ತಿಗೆ ಬಂದವರನ್ನು ಬರಿಗೈಲಿ ಕಳಿಸದಿರುವುದು, ಕೊಳೆಯುವ ಸರಕನ್ನು ಯಾವಾಗ ಸಿಕ್ಕಿದ ಬೆಲೆಗೆ ಬಿಡಬೇಕೆಂದು ಅಂದಾಜು ಮಾಡುವುದು, ಇವನ್ನು ಕಲಿಸುವ ಕಾಲೇಜು ಇಲ್ಲ. ಅಂಗಡಿ ಮಕ್ಕಳಿಗೆ ಬೇಡ ಎಂದು ನಾನು ಹೇಳುತ್ತಿಲ್ಲ. ಅವರ ಕೆಲಸಕ್ಕೆ ಹೆಸರು, ಮಿತಿ, ಪ್ರತಿಫಲ ಮೂರೂ ಬೇಕು ಎನ್ನುತ್ತಿದ್ದೇನೆ.

ಈ ಭಾಗದ ವ್ಯಾಪಾರಸ್ಥರಿಗೆ ಓದಿನ ಬೆಲೆಯೂ ಗೊತ್ತಿತ್ತು. ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ತಾವು ಗಳಿಸಿದ್ದರಲ್ಲಿ 1873ರಲ್ಲಿ ಬಡಮಕ್ಕಳಿಗೆ ಶಾಲೆ ತೆರೆದರು. ಹಲಸೂರು ಕೆರೆಯ ಹತ್ತಿರ ಆರ್‌ಬಿಎಎನ್‌ಎಂ ಹೆಸರಿನಲ್ಲಿ ಆ ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಅಂಗಡಿ ಮತ್ತು ಶಾಲೆ ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಇಲ್ಲಿಯ ಚರಿತ್ರೆಯೇ ಸಾಕ್ಷಿ.

ಸಂಜೆ ಏಳರ ಗೆರೆ

ಮಕ್ಕಳ ದುಡಿಮೆಯ ಬಗ್ಗೆ ದೇಶದಲ್ಲಿ 1986ರಲ್ಲಿ ಬಂದ ಕಾಯ್ದೆ ಬೀಡಿ, ಬೆಂಕಿಕಡ್ಡಿ, ಚರ್ಮ ಹದ ಮಾಡುವುದು ಮುಂತಾದ ಕೆಲಸಗಳ ಪಟ್ಟಿ ಮಾಡಿ, ಅವುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಬಾರದೆಂದಿತು. ಆದರೆ ಮನೆಯ ಯಜಮಾನ ತನ್ನ ಕುಟುಂಬದವರ ನೆರವಿನಿಂದ ನಡೆಸುವ ಕಾರ್ಖಾನೆಗೆ ಈ ನಿಷೇಧ ತಾಕುತ್ತಿರಲಿಲ್ಲ. ಟ್ಯಾನರಿ ರಸ್ತೆಯ ಸುತ್ತಿನ ಬಡಾವಣೆಗಳಂಥ ಕಡೆ, ಒಂದೇ ಕೋಣೆಯ ಮನೆಯಲ್ಲಿ ತಾಯಿಯ ಜೊತೆ ಕೂತು ಬೀಡಿ ಕಟ್ಟುವ ಹುಡುಗಿ ಕಾನೂನಿನ ಕಣ್ಣಿಗೆ ಕಾರ್ಮಿಕಳಾಗಿರಲಿಲ್ಲ. ತಂಬಾಕಿನ ಪುಡಿ ಮಾತ್ರ ಯಾರ ಮಗು ಎಂದು ಕೇಳಿಕೊಂಡು ಎದೆಗೆ ಇಳಿಯುವುದಿಲ್ಲ.

2016ರ ತಿದ್ದುಪಡಿ ಈ ಚಿತ್ರವನ್ನು ಬದಲಿಸಿತು. ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರ ಇಡಲಾಯಿತು. ತಪ್ಪಿದ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದ ಜೈಲು, 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಉಳಿದ ವಿನಾಯಿತಿಗಳಲ್ಲಿ ಮುಖ್ಯವಾದದ್ದು ಕುಟುಂಬದ್ದು: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ತನ್ನ ಮನೆಯವರಿಗೆ, ಮನೆಯ ಉದ್ಯಮಕ್ಕೆ ನೆರವಾಗಬಹುದು, ಅದು ಅಪಾಯದ ಕೆಲಸವಾಗಿರಬಾರದು. ಬೀಡಿ ಕೆಲಸ ಈಗ ಮನೆಯೊಳಗೂ ನಿಷಿದ್ಧ.

ವಿನಾಯಿತಿಯ ಗೆರೆಗಳನ್ನು ಬರೆದದ್ದು 2017ರ ನಿಯಮಗಳು. ಅಂಗಡಿ ಇಟ್ಟುಕೊಂಡಿರುವ ಪ್ರತಿ ಅಪ್ಪ-ಅಮ್ಮ ಅವನ್ನು ಒಮ್ಮೆ ಓದಬೇಕು. ಶಾಲೆಯ ಹೊತ್ತಿನಲ್ಲಿ ಕೆಲಸ ಕೂಡದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೂಡದು. ದಿನಕ್ಕೆ ಮೂರು ಗಂಟೆ ಮೀರುವಂತಿಲ್ಲ, ನಡುವೆ ವಿಶ್ರಾಂತಿ ಬೇಕು. ಹೋಂವರ್ಕಿಗೆ, ಶಾಲೆಯ ಆಟಪಾಠಕ್ಕೆ ಅಡ್ಡಿಯಾಗಬಾರದು. ಮಗುವಿಗೋ ಮನೆಗೋ ಹಣ ತರುವ ಕೆಲಸ ಆಗಿರಬಾರದು. ದೊಡ್ಡವರೊಬ್ಬರು ಮಾಡಬೇಕಾದ ಕೆಲಸಕ್ಕೆ ಮಗುವನ್ನು ಬದಲಿಯಾಗಿ ಹಚ್ಚಬಾರದು.

ಈ ಕೊನೆಯ ಮಾತೇ ನಿಜವಾದ ಪರೀಕ್ಷೆ. ಅಪ್ಪ ಕಾಫಿಗೆ ಹೋದ ಹತ್ತು ನಿಮಿಷ ಮಗಳು ಗಲ್ಲಾ ನೋಡಿಕೊಂಡರೆ ಅದು ಮನೆಯ ಮಾತು. ಒಬ್ಬ ಕೆಲಸಗಾರನನ್ನು ಬಿಡಿಸಿ, ಆ ಸಂಬಳ ಉಳಿಸಲು ಮಗಳನ್ನು ನಿಲ್ಲಿಸಿದರೆ ಅದು ಬಾಲದುಡಿಮೆ. ದಂಡಿನ ಅಂಗಡಿಗಳ ಕಷ್ಟ ಇಲ್ಲೇ ಇದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಗಿರಾಕಿ ನೆರೆಯುವುದೇ ಸಂಜೆ. ರಂಜಾನ್ ತಿಂಗಳಲ್ಲಿ ಶಿವಾಜಿನಗರ, ಮಸೀದಿ ರಸ್ತೆ ರಾತ್ರಿಯಿಡೀ ಎಚ್ಚರವಿರುತ್ತವೆ. ದೀಪಾವಳಿಯ ವಾರದಲ್ಲಿ ಹಲಸೂರಿನ ಬಜಾರು ಹತ್ತಾದರೂ ಬಾಗಿಲು ಹಾಕುವುದಿಲ್ಲ. ಕಾನೂನು ಬೇಡ ಎನ್ನುವ ಗಂಟೆಯೂ ಅಂಗಡಿಗೆ ಕೈ ಹೆಚ್ಚು ಬೇಕಾಗುವ ಗಂಟೆಯೂ ಒಂದೇ. ಮಾರನೆಯ ದಿನ ಪರೀಕ್ಷೆಯಿದ್ದರೂ ‘ಇವತ್ತೊಂದು ದಿನ ನಿಲ್ಲು ಕಂದಾ’ ಎನ್ನುವ ಅಮ್ಮನಿಗೆ ಮಗುವಿನ ಮೇಲೆ ಅಕ್ಕರೆ ಕಡಿಮೆಯೇನಲ್ಲ, ಕೈಯಲ್ಲಿ ಬೇರೆ ದಾರಿ ಇರುವುದಿಲ್ಲ. ಹಾಗಿದ್ದೂ ಗೆರೆ ಗೆರೆಯೇ. ಹಬ್ಬದ ನಾಲ್ಕು ವಾರಕ್ಕೆ ದಿನಗೂಲಿಯ ಆಳೊಬ್ಬರನ್ನು ಇಟ್ಟುಕೊಳ್ಳುವ ಖರ್ಚು ಮಗುವಿನ ಒಂದು ವರ್ಷದ ಓದಿಗಿಂತ ದೊಡ್ಡದಲ್ಲ.

ಗೆರೆ ದಾಟಿದವರನ್ನು ಹಿಡಿಯುವುದು ಸುಲಭವಲ್ಲ. 2016ರಲ್ಲಿ ಈ ವಿನಾಯಿತಿ ಬಂದಾಗಲೇ ಯುನಿಸೆಫ್ ಆತಂಕ ಹೇಳಿತ್ತು. ಮನೆಯ ಹೆಸರಿನಲ್ಲಿ ಮಕ್ಕಳ ದುಡಿಮೆ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದು ಅದರ ಕಳವಳ. ‘ನಮ್ಮ ನೆಂಟರ ಹುಡುಗ ಸಾರ್’ ಎಂಬ ಮಾತನ್ನು ಹೋಟೆಲು, ಗ್ಯಾರೇಜುಗಳಲ್ಲಿ ಕೇಳದವರು ಯಾರು? ಕಾಯ್ದೆಯ ಪ್ರಕಾರ ಕುಟುಂಬ ಎಂದರೆ ಮಗುವಿನ ಅಪ್ಪ-ಅಮ್ಮ, ಒಡಹುಟ್ಟಿದವರು, ಅಪ್ಪ-ಅಮ್ಮಂದಿರ ಒಡಹುಟ್ಟಿದವರು. ಸೋದರಮಾವ, ಚಿಕ್ಕಪ್ಪ, ಅತ್ತೆ ಸೇರುತ್ತಾರೆ. ಊರಿನ ದೂರದ ಸಂಬಂಧಿಕರು ಸೇರುವುದಿಲ್ಲ. ಹಳ್ಳಿಯಿಂದ ‘ಓದಿಸುತ್ತೇವೆ’ ಎಂದು ಹುಡುಗನನ್ನು ಕರೆತಂದು ತಟ್ಟೆ ತೊಳೆಯಲು ಹಚ್ಚಿದವರಿಗೆ ನೆಂಟಸ್ತನದ ನೆಪ ನೆರವಿಗೆ ಬರುವುದಿಲ್ಲ.

ಅಂಗಡಿಗೆ ಬಾರದೆ ಮನೆಯೊಳಗೇ ದುಡಿಯುವ ಹೆಣ್ಣುಮಗುವೂ ಇದೆ. ಮಸಾಲೆ ಪೊಟ್ಟಣ ಕಟ್ಟುವುದು, ಹೂ ಕಟ್ಟುವುದು, ರವಿಕೆಗೆ ಗುಂಡಿ ಹೊಲಿಯುವುದು, ಜೊತೆಗೆ ತಮ್ಮನನ್ನು ನೋಡಿಕೊಳ್ಳುವುದು. ತಮ್ಮ ಗಲ್ಲಾದ ಹತ್ತಿರ ಕೂತು ವ್ಯಾಪಾರ ಕಲಿಯುತ್ತಾನೆ. ಅಕ್ಕನ ಕೆಲಸ ಯಾವ ಕಲಿಕೆಗೂ ಸೇರುವುದಿಲ್ಲ.

ಹದಿನೆಂಟು ತುಂಬಿದ ಮೇಲೆ

ಮಕ್ಕಳು ದೊಡ್ಡವರಾದ ಮೇಲೆ ಕಾನೂನು ಬಹುಮಟ್ಟಿಗೆ ಕೈಬಿಡುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ವಾರದ ರಜೆ, ದಿನದ ಕೆಲಸದ ಗಂಟೆ, ಹೆಚ್ಚು ದುಡಿದರೆ ಹೆಚ್ಚು ಕೂಲಿ, ವರ್ಷದ ರಜೆ, ಇವನ್ನು ಅಂಗಡಿ ಕೆಲಸಗಾರರಿಗೆ ಕೊಟ್ಟದ್ದು ಅದು. ಆದರೆ ಅದರ ನೌಕರರ ವ್ಯಾಖ್ಯೆಯಿಂದ ಮಾಲೀಕನ ಕುಟುಂಬದ ಸದಸ್ಯರನ್ನು ಹೊರಗಿಟ್ಟಿದೆ. ಒಂದೇ ಕಟ್ಟೆಯ ಮೇಲೆ ನಿಂತು ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಸಂಬಳದ ಹುಡುಗನಿಗೆ ವಾರಕ್ಕೊಂದು ರಜೆ ಹಕ್ಕು. ಮಾಲೀಕನ ಮಗನಿಗೆ ಅದು ಅಪ್ಪನ ಮರ್ಜಿ.

ದೇಶದ ಅಂಕಿಅಂಶಗಳಲ್ಲಿ ಇಂಥವರಿಗೊಂದು ಸಾಲಿದೆ. ಮನೆಯ ಉದ್ಯಮದಲ್ಲಿ ನಿಯಮಿತ ಸಂಬಳವಿಲ್ಲದೆ ದುಡಿಯುವ ಸಹಾಯಕರು ಎಂದು ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆ ಅವರನ್ನು ಬೇರೆಯಾಗಿ ಎಣಿಸುತ್ತದೆ. 2022–23ರಲ್ಲಿ ದುಡಿಯುವವರಲ್ಲಿ ನೂರಕ್ಕೆ ಸುಮಾರು 18 ಮಂದಿ ಈ ಸಾಲಿನವರು. ಹೆಂಗಸರಲ್ಲಿ ಆ ಸಂಖ್ಯೆ ನೂರಕ್ಕೆ 37 ದಾಟಿತ್ತು. ಹೊಲದಲ್ಲಿ ದುಡಿಯುವವರದೇ ಅದರಲ್ಲಿ ದೊಡ್ಡ ಪಾಲು. ಆದರೆ ಶಿವಾಜಿನಗರದ ದರ್ಜಿಯ ಹೆಂಡತಿ, ಮಗಳು, ಸೊಸೆ ಇರುವುದೂ ಇದೇ ಸಾಲಿನಲ್ಲೇ.

ಸಂಬಳ ಇಲ್ಲದಿದ್ದರೆ ಆಗುವ ನಷ್ಟ ಜೇಬಿಗೆ ಮಾತ್ರವಲ್ಲ. ಬ್ಯಾಂಕು ಸಾಲಕ್ಕೆ ಸಂಬಳದ ಚೀಟಿ ಕೇಳುತ್ತದೆ. ಬೇರೆ ಕೆಲಸ ಹುಡುಕಿದರೆ ಅನುಭವದ ಪತ್ರ ಕೇಳುತ್ತಾರೆ. ಹೆಣ್ಣು ನೋಡಲು ಹೋದರೆ ‘ಹುಡುಗ ಏನು ಮಾಡ್ತಾನೆ?’ ಎಂಬ ಪ್ರಶ್ನೆಗೆ ‘ಅಪ್ಪನ ಅಂಗಡಿ ನೋಡ್ಕೋತಾನೆ’ ಎಂಬ ಉತ್ತರ, ಅದರ ಹಿಂದೆಯೇ ‘ಅವನ ಕೈಗೆ ಎಷ್ಟು ಬರುತ್ತೆ?’ ಎಂಬ ಇನ್ನೊಂದು ಪ್ರಶ್ನೆ. ಹತ್ತು ವರ್ಷ ಬೆವರು ಹರಿಸಿದವನ ಹತ್ತಿರ ಅದಕ್ಕೊಂದು ಕಾಗದವೂ ಇರುವುದಿಲ್ಲ.

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಈ ಗೋಜಲು ಬೇರೊಂದು ಬಾಗಿಲಿನಿಂದ ಎದುರಾಯಿತು. ಯುಪಿಐ ಮೂಲಕ ಬಂದ ಹಣವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಕಾನೂನು. ಹೆದರಿದ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಕೊನೆಗೆ ಸರ್ಕಾರ ಹೇಳಿತು. ಆದರೆ ಆ ಕೋಡ್ ಯಾರ ಹೆಸರಿನದು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅಪ್ಪನಿಗೆ ಫೋನ್ ಬಳಕೆ ಬಾರದೆಂದು ಕಾಲೇಜಿಗೆ ಹೋಗುವ ಮಗನ ಖಾತೆಗೆ ಅಂಗಡಿಯ ದುಡ್ಡು ಜಮೆಯಾಗುವ ಮನೆಗಳಿವೆ. ಕಾಗದದ ಮೇಲೆ ಲಕ್ಷಗಟ್ಟಲೆ ವ್ಯಾಪಾರ ಅವನದು, ಕೈಯಲ್ಲಿ ಬಸ್ ಚಾರ್ಜಿಗೂ ಕೇಳಬೇಕು. ತೆರಿಗೆಯ ನೋಟಿಸು ಬಂದರೆ ಉತ್ತರ ಕೊಡಬೇಕಾದವನೂ ಅವನೇ.

ತೆರಿಗೆಯ ಕಾನೂನು ಇಲ್ಲಿ ಅಪ್ಪ-ಅಮ್ಮಂದಿರಿಗೆ ಶತ್ರುವಲ್ಲ. ಪ್ರಾಯಕ್ಕೆ ಬಂದ ಮಗ ಅಥವಾ ಮಗಳು ನಿಜವಾಗಿ ದುಡಿದಿದ್ದರೆ, ಕೊಡುವ ಸಂಬಳ ಆ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಸಲ್ಲುವಷ್ಟೇ ಇದ್ದರೆ, ಅದನ್ನು ಅಂಗಡಿಯ ಖರ್ಚಾಗಿ ತೋರಿಸಬಹುದು. ನೆಂಟರಿಗೆ ಹದ ಮೀರಿ ಕೊಟ್ಟದ್ದನ್ನು ಮಾತ್ರ ಅಧಿಕಾರಿ ತಳ್ಳಿಹಾಕಬಹುದು. ಮಕ್ಕಳು ಅಪ್ರಾಪ್ತರಿರುವಾಗ ಅವರನ್ನು ಪಾಲುದಾರರನ್ನಾಗಿ ಮಾಡುವುದಕ್ಕೂ ಮಿತಿಯಿದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಉಳಿದ ಪಾಲುದಾರರೆಲ್ಲ ಒಪ್ಪಿದರೆ ಅವರಿಗೆ ಲಾಭದಲ್ಲಿ ಪಾಲು ಕೊಡಬಹುದು, ಸಾಲದ ಹೊರೆಯನ್ನು ಅವರ ತಲೆಗೆ ಕಟ್ಟುವಂತಿಲ್ಲ.

ಅಮೆರಿಕದಲ್ಲೂ 1938ರ ಕಾರ್ಮಿಕ ಕಾಯ್ದೆ ಅಪ್ಪ-ಅಮ್ಮ ತಮ್ಮದೇ ಉದ್ಯಮದಲ್ಲಿ ಮಕ್ಕಳನ್ನು ದುಡಿಸಲು ರಿಯಾಯಿತಿ ಕೊಡುತ್ತದೆ. ಗಣಿ, ಕಾರ್ಖಾನೆ, ಅಪಾಯದ ಕೆಲಸ ಮಾತ್ರ ಕೂಡದು. ಅಪ್ಪ ಅಥವಾ ಅಮ್ಮನೊಬ್ಬರದೇ ಒಡೆತನದ ಅಂಗಡಿಯಾದರೆ ಹದಿನೆಂಟು ತುಂಬದ ಮಗುವಿನ ಸಂಬಳದ ಮೇಲೆ ಸಾಮಾಜಿಕ ಭದ್ರತೆಯ ತೆರಿಗೆಯೂ ಇಲ್ಲ. ಅಲ್ಲಿಯ ಪದ್ಧತಿಯಲ್ಲಿ ನಮಗೆ ಬೇಕಾದ ಅಂಶ ಒಂದೇ. ಮಗುವಿಗೆ ಸಂಬಳ ಕೊಟ್ಟು ಅದನ್ನು ಪುಸ್ತಕದಲ್ಲಿ ಬರೆಯುವುದಕ್ಕೆ ಆ ತೆರಿಗೆ ರಿಯಾಯಿತಿ ಉತ್ತೇಜನ ಕೊಡುತ್ತದೆ.

ಹಿಂತಿರುಗಿದ ಎಂಜಿನಿಯರ್, ಮುಚ್ಚಿದ ಪುಸ್ತಕದಂಗಡಿ

ಬ್ರಿಗೇಡ್ ರಸ್ತೆಯ ಅಡ್ಡದಾರಿಯಲ್ಲಿರುವ ಸೆಲೆಕ್ಟ್ ಬುಕ್‌ಶಾಪನ್ನು 1945ರಲ್ಲಿ ಶುರುಮಾಡಿದವರು ಕೆ.ಬಿ.ಕೆ. ರಾವ್. ಅವರ ಮಗ ಕೆ.ಕೆ.ಎಸ್. ಮೂರ್ತಿ ಓದಿದ್ದು ವಿಮಾನ ಎಂಜಿನಿಯರಿಂಗ್. ಆ ವೃತ್ತಿಯಲ್ಲಿ ದುಡಿದ ಮೇಲೆ ಅವರು ಹಳೆಯ ಪುಸ್ತಕಗಳ ಈ ಅಂಗಡಿಗೆ ಬಂದು, ಅದನ್ನು ದೇಶದ ಓದುಗರಿಗೆಲ್ಲ ಪರಿಚಿತವಾದ ತಾಣ ಮಾಡಿದರು. ಮುಂದೆ ಅವರ ಮಗನೂ ಕೈಜೋಡಿಸಿದರು. ಇನ್ನೊಂದು ವೃತ್ತಿ ಕೈಯಲ್ಲಿದ್ದೂ ಅಂಗಡಿಯನ್ನು ಆರಿಸಿಕೊಂಡವರು ಅದನ್ನು ಅಕ್ಕರೆಯಿಂದ ನಡೆಸುತ್ತಾರೆ. ಬೇರೆ ದಾರಿಯೇ ಇಲ್ಲದೆ ಕೂತವರು ಅದೇ ಅಂಗಡಿಯನ್ನು ಹೊರೆಯಂತೆ ಹೊರುತ್ತಾರೆ.

ಚರ್ಚ್ ಸ್ಟ್ರೀಟಿನ ತಿರುವಿನಲ್ಲಿದ್ದ ಪ್ರೀಮಿಯರ್ ಬುಕ್‌ಶಾಪ್ ಇನ್ನೊಂದು ಬಗೆಯದು. ಟಿ.ಎಸ್. ಶಾನಭಾಗರು ಕಸುಬು ಕಲಿತದ್ದು ಮುಂಬೈಯಲ್ಲಿ ಸ್ಟ್ರ್ಯಾಂಡ್ ಬುಕ್‌ಸ್ಟಾಲ್ ನಡೆಸುತ್ತಿದ್ದ ತಮ್ಮ ಸಂಬಂಧಿ ಟಿ.ಎನ್. ಶಾನಭಾಗರ ಹತ್ತಿರ. ಕಲಿತವರು ಅಲ್ಲೇ ಉಳಿಯಲಿಲ್ಲ, 1971ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಅಂಗಡಿ ತೆರೆದರು. ಒಂದು ತಲೆಮಾರಿನ ಓದುಗರನ್ನು ಬೆಳೆಸಿದ ಆ ಅಂಗಡಿ ಮನೆಯ ಮುಂದಿನ ಪೀಳಿಗೆಯ ಕೈಗೆ ಹೋಗದೆ 2009ರಲ್ಲಿ ಮುಚ್ಚಿತು. 2021ರಲ್ಲಿ ಶಾನಭಾಗರು ತೀರಿಕೊಂಡಾಗ ಊರಿನ ಓದುಗರು ತಮ್ಮ ಮನೆಯವರನ್ನೇ ಕಳೆದುಕೊಂಡಂತೆ ದುಃಖಿಸಿದರು. ಅಂಗಡಿ ಮಕ್ಕಳಿಗೆ ದಾಟಲಿಲ್ಲವೆಂದು ಅಂಗಡಿಕಾರನ ಬದುಕು ವ್ಯರ್ಥವಾಗುವುದಿಲ್ಲ. ‘ನನ್ನ ನಂತರ ಯಾರು?’ ಎಂದು ರಾತ್ರಿ ನಿದ್ದೆಗೆಡುವ ಅಪ್ಪಂದಿರಿಗೆ ಇದನ್ನು ಒತ್ತಿ ಹೇಳಬೇಕು.

ನಿವೃತ್ತಿಯ ತಾರೀಖು

ಹಲಸೂರು ದಾಟಿ ಪೂರ್ವಕ್ಕೆ ಹೋದರೆ ದುಡಿಮೆಯ ರೀತಿಯೇ ಬೇರೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, ಆಮೇಲೆ ಕೆ.ಆರ್. ಪುರದ ರೈಲ್ವೆ ಡೀಸೆಲ್ ಶೆಡ್ಡು. ತಿಂಗಳ ಸಂಬಳ, ಭವಿಷ್ಯನಿಧಿ, ನಿವೃತ್ತಿ ಇರುವ ಮನೆಗಳು ಇಲ್ಲಿ ಬೆಳೆದವು. ಅಪ್ಪನ ನೌಕರಿ ಮಗನಿಗೆ ಸಿಗಲಿ ಎಂಬ ಆಸೆ ಇಲ್ಲೂ ಇತ್ತು. ರೈಲ್ವೆ ಅದಕ್ಕೊಂದು ಯೋಜನೆಯನ್ನೇ ಮಾಡಿತ್ತು. ಚಾಲಕರು, ಹಳಿ ಕೆಲಸಗಾರರು ಮೊದಲೇ ನಿವೃತ್ತರಾದರೆ ಅರ್ಹ ಮಕ್ಕಳಿಗೆ ಕೆಲಸ ಕೊಡುವ ಯೋಜನೆ 2004ರಲ್ಲಿ ಬಂದು 2010ರಲ್ಲಿ ವಿಸ್ತಾರವಾಯಿತು. ಸಾರ್ವಜನಿಕ ನೌಕರಿ ಹೀಗೆ ವಂಶದಲ್ಲಿ ಇಳಿಯುವುದು ಸಂವಿಧಾನದ ಸಮಾನತೆಗೆ ಒಗ್ಗುವುದಿಲ್ಲವೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2016ರಲ್ಲಿ ಹೇಳಿತು. 2018ರಲ್ಲಿ ರೈಲ್ವೆ ಅದನ್ನು ನಿಲ್ಲಿಸಿತು.

ಅಂಗಡಿ ಸ್ವಂತದ್ದು, ಅಲ್ಲಿಗೆ ಆ ತೀರ್ಪು ಅನ್ವಯಿಸುವುದಿಲ್ಲ. ಆದರೆ ಸಂಬಳದ ಮನೆಗಳಿಂದ ಅಂಗಡಿಯವರು ಕಲಿಯಬೇಕಾದದ್ದು ನಿವೃತ್ತಿಯ ತಾರೀಖು. ಎಪ್ಪತ್ತೈದರ ಅಪ್ಪ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡಿರುವವರೆಗೆ ನಲವತ್ತೆಂಟರ ಮಗ ಹುಡುಗನಾಗಿಯೇ ಉಳಿಯುತ್ತಾನೆ. ಹೊಸ ಸರಕು ತರಲು, ಹಳೆಯ ಕೆಲಸಗಾರನ ಸಂಬಳ ಏರಿಸಲು, ಅಂಗಡಿಗೆ ಬಣ್ಣ ಬಳಿಸಲು ಅಪ್ಪಣೆ ಬೇಕು. ಅಪ್ಪ ತೀರಿಕೊಂಡ ದಿನ ಎಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಮನೆಗಿಂತ ಮುಂದೆ ನಡೆದಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲೆಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು, 2005ರಲ್ಲಿ ದೇಶಕ್ಕೆಲ್ಲ ಅದು ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಮತ್ತಷ್ಟು ಗಟ್ಟಿ ಮಾಡಿತು. ಅಂಗಡಿಯ ಫಲಕಗಳ ಮೇಲೆ ಇನ್ನೂ ‘ಅಂಡ್ ಸನ್ಸ್’ ಮಾತ್ರ ಇದೆ. ಬಿ.ಕಾಂ. ಮಾಡಿ ಮನೆಯ ಜಿಎಸ್‌ಟಿ ಲೆಕ್ಕವನ್ನೆಲ್ಲ ಬರೆಯುವ ಮಗಳಿಗೆ ಗಲ್ಲಾದ ಹಿಂದಿನ ಕುರ್ಚಿ ಸಿಗಬೇಕಾದದ್ದು ನ್ಯಾಯ.

‘ಸಣ್ಣ ಅಂಗಡಿ, ಲಾಭವೇ ಅಷ್ಟಿಲ್ಲ, ಸಂಬಳ ಎಲ್ಲಿಂದ ಕೊಡಲಿ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಬಾಡಿಗೆ ಏರಿದೆ, ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಕಂಪನಿಗಳು ಕಿರಾಣಿಯ ಗಿರಾಕಿಯನ್ನು ಕಿತ್ತುಕೊಂಡಿವೆ. ಹಾಗಿದ್ದರೂ ಬರೆಯುವುದಕ್ಕೆ ಖರ್ಚಿಲ್ಲ. ಈ ತಿಂಗಳು ಮಗಳಿಗೆ ಸಲ್ಲಬೇಕಾದದ್ದು ಇಷ್ಟು, ಕೊಟ್ಟದ್ದು ಇಷ್ಟು, ಬಾಕಿ ಇಷ್ಟು ಎಂದು ಬರೆದರೆ ಅಂಗಡಿ ಯಾರ ದುಡಿಮೆಯ ಮೇಲೆ ನಿಂತಿದೆ ಎಂಬ ಸತ್ಯ ಎಲ್ಲರಿಗೂ ಕಾಣುತ್ತದೆ. ಆ ಬಾಕಿಯನ್ನು ಮುಂದೆ ಪಾಲಾಗಿಯೋ, ಓದಿನ ಫೀಜಾಗಿಯೋ, ಬೇರೆ ಅಂಗಡಿಯ ಬಂಡವಾಳವಾಗಿಯೋ ತೀರಿಸಬಹುದು.

ಅಂಗಡಿಯ ಮನೆಗಳು ಇಷ್ಟನ್ನು ಮಾಡಲಿ. ಹದಿನಾಲ್ಕರ ಒಳಗಿನ ಮಗುವಿನ ಸಂಜೆ ಏಳರ ನಂತರದ ಹೊತ್ತು ಓದಿಗೆ, ಆಟಕ್ಕೆ, ನಿದ್ದೆಗೆ ಮೀಸಲಿರಲಿ. ಹದಿನೆಂಟು ದಾಟಿದ ಮಗನಿಗೆ, ಮಗಳಿಗೆ, ಸೊಸೆಗೆ ತಿಂಗಳ ಸಂಬಳ ಅವರವರ ಖಾತೆಗೆ ಹೋಗಲಿ, ವಾರಕ್ಕೊಂದು ರಜೆ ಇರಲಿ. ಅಪ್ಪನ ಅಧಿಕಾರ ಯಾವ ವರ್ಷ ಯಾರಿಗೆ ಎಂಬುದು ಆರೋಗ್ಯವಿರುವಾಗಲೇ ಕಾಗದಕ್ಕೆ ಬರಲಿ. ‘ನನಗೆ ಅಂಗಡಿ ಬೇಡಪ್ಪಾ’ ಎಂದು ಮಗ ಅಂದರೆ ಅದು ಅಪ್ಪನಿಗೆ ಮಾಡಿದ ಅವಮಾನವೆಂದು ಯಾರೂ ತಿಳಿಯದಿರಲಿ. ದೀಪಾವಳಿಯ ಪೂಜೆಗೆ ಹೊಸ ಖಾತೆಪುಸ್ತಕ ತೆರೆಯುವ ಮನೆಗಳಲ್ಲಿ ಸಗಟು ವ್ಯಾಪಾರಿಗೆ ಒಂದು ಪುಟ, ಉದ್ದರಿಯ ಗಿರಾಕಿಗೆ ಒಂದು ಪುಟ ಇರುತ್ತದೆ. ಬೆಳಗಿಂದ ರಾತ್ರಿಯವರೆಗೆ ಪಕ್ಕದಲ್ಲೇ ನಿಂತು ದುಡಿಯುವ ಮಕ್ಕಳಿಗೂ ಒಂದು ಪುಟ ಇರಲೇಬೇಕು.